ಹೊಸೂರಿನ ಆರ್‌ಆರ್, ಚಾಕಣ್‌ನ ಆರ್‌ಸಿ

ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಬೆಂಗಳೂರಿನಿಂದ ಹೊರಡುವ ಎಷ್ಟೋ ಸವಾರರು ಬೈಕನ್ನು ಗಾಡಿಗೆ ಹೇರಿಸುವುದಿಲ್ಲ. ಕೃಷ್ಣಗಿರಿ, ಸೇಲಂ ದಾಟಿ ಓಡಿಸಿಕೊಂಡೇ ಹೋಗಿ, ಟ್ರ್ಯಾಕ್ ಮೇಲೆ ಇಡೀ ದಿನ ಹಿಂಡಿ, ಅದರಲ್ಲೇ ಮನೆಗೆ ಬರುತ್ತಾರೆ. ಸೋಮವಾರ ಆಫೀಸಿಗೂ ಅದೇ ಬೈಕು. ಚಾಕಣ್‌ನಲ್ಲಿ ತಯಾರಾಗುವ ಕೆಟಿಎಂ ಆರ್‌ಸಿ 390 ಮತ್ತು ಹೊಸೂರಿನಲ್ಲಿ ತಯಾರಾಗುವ ಟಿವಿಎಸ್ ಅಪಾಚೆ ಆರ್‌ಆರ್ 310 ಎರಡನ್ನೂ ಈ ಸವಾರರ ಕಡೆಯಿಂದಲೇ ತೂಗಬೇಕು.

ಅಂಕಿಗಳಲ್ಲಿ ಆರ್‌ಸಿಯದೇ ಮೇಲುಗೈ. 2022ರಲ್ಲಿ ಹೊಸ ರೂಪ ಪಡೆದ ಅದರ 373 ಸಿಸಿ ಎಂಜಿನ್ 43.5 ಪಿಎಸ್ ಕೊಡುತ್ತದೆ. ಆರ್‌ಆರ್‌ನ 312 ಸಿಸಿ ಎಂಜಿನ್ 2024ರ ಪರಿಷ್ಕರಣೆಯ ನಂತರವೂ 38 ಪಿಎಸ್‌ಗೆ ನಿಂತಿದೆ. ಆದರೆ ಎರಡು ಕಿಲೋಮೀಟರಿಗೆ ತುಸು ಹೆಚ್ಚು ಉದ್ದದ, ತಿರುವುಗಳೇ ತುಂಬಿದ ಕರಿಯಲ್ಲಿ ನಿಜವಾಗಿ ಅನುಭವಕ್ಕೆ ಬರುವುದು ಟಾರ್ಕಿನ ವ್ಯತ್ಯಾಸ. ಆರ್‌ಸಿ 7,000 ಆರ್‌ಪಿಎಂಗೇ 37 ಎನ್‌ಎಂ ಕೊಡುತ್ತದೆ. ಆರ್‌ಆರ್ ತನ್ನ 29 ಎನ್‌ಎಂಗೆ 7,900ರವರೆಗೆ ಏರಬೇಕು. ನಿಧಾನದ ತಿರುವಿಗೆ ಒಂದು ಗೇರ್ ಹೆಚ್ಚೇ ಇಟ್ಟುಕೊಂಡು ಬಂದರೂ ಆರ್‌ಸಿ ಎಳೆದುಕೊಂಡು ಹೊರಬೀಳುತ್ತದೆ. ಆರ್‌ಆರ್‌ನಲ್ಲಿ ಹಾಗೆ ಮಾಡಿದರೆ ಮುಂದಿನ ನೇರ ದಾರಿಯುದ್ದಕ್ಕೂ ಅದರ ಸಾಲ ತೀರಿಸುತ್ತಿರಬೇಕು.

ಬ್ರೇಕಿನಲ್ಲಂತೂ ಹೋಲಿಕೆಯೇ ಕಷ್ಟ. ಆರ್‌ಸಿಯ 320 ಮಿಮೀ ಮುಂದಿನ ಡಿಸ್ಕು, ರೇಡಿಯಲ್ ಕ್ಯಾಲಿಪರು ಬೆರಳಿನ ಒತ್ತಡವನ್ನು ಇದ್ದಷ್ಟೇ ಚಕ್ರಕ್ಕೆ ಮುಟ್ಟಿಸುತ್ತವೆ. ಬೈಕು ವಾಲಿರುವಾಗಲೂ ಕಾರ್ನರಿಂಗ್ ಎಬಿಎಸ್ ಕಾಯುತ್ತದೆ. ಹೊಸಬರು ತಿರುವಿನ ಒಳಗೂ ಬ್ರೇಕು ಹಿಡಿದಿರಲು ಕಲಿಯುವುದು ಇಂಥ ಬೈಕಿನ ಮೇಲೆ.

ಆರ್‌ಆರ್‌ನ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಬಿಎಂಡಬ್ಲ್ಯು ಜೊತೆ ಸೇರಿ ರೂಪಿಸಿದ ಆ ಎಂಜಿನ್‌ನ ಸಿಲಿಂಡರ್ ಹಿಂದಕ್ಕೆ ವಾಲಿದೆ. ಗಾಳಿ ಮುಂದಿನಿಂದ ಒಳಗೆ, ಹೊಗೆ ಹಿಂದಿನಿಂದ ಹೊರಗೆ. ಈ ಜೋಡಣೆಯಿಂದ ಭಾರ ಮುಂದಕ್ಕೆ ಬಂದು, ಸ್ವಿಂಗ್‌ಆರ್ಮ್ ಉದ್ದವಾಗಲು ಜಾಗ ಸಿಕ್ಕಿದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನ ವೇಗದ, ಉದ್ದನೆಯ ತಿರುವುಗಳಲ್ಲಿ ಆರ್‌ಆರ್ ಹಿಡಿದ ಗೆರೆ ಬಿಡದಿರುವುದಕ್ಕೆ ಇದೂ ಒಂದು ಕಾರಣ. 2021ರಿಂದ ಸಿಗುತ್ತಿರುವ ಡೈನಾಮಿಕ್ ಕಿಟ್ ಹಾಕಿಸಿಕೊಂಡರೆ ಸಸ್ಪೆನ್ಷನ್ನನ್ನು ನಮ್ಮ ತೂಕಕ್ಕೆ, ರಸ್ತೆಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಈ ದರ್ಜೆಯ ಬೈಕಿನಲ್ಲಿ ಅದು ಸಣ್ಣ ಸವಲತ್ತಲ್ಲ.

ಊರೊಳಗೆ ನನ್ನ ಮತ ಪೂರ್ತಿ ಆರ್‌ಆರ್‌ಗೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಗಾಡಿಸಾಲಿನಲ್ಲಿ ಆರ್‌ಸಿ ಕಡಿಮೆ ಆರ್‌ಪಿಎಂನಲ್ಲಿ ಜಗ್ಗುತ್ತದೆ, ಎಂಜಿನ್ನಿನ ಬಿಸಿ ತೊಡೆಗೆ ತಾಗುತ್ತದೆ. ಆರ್‌ಆರ್ ಅಲ್ಲಿ ಸೌಮ್ಯ. ಹೆದ್ದಾರಿಯಲ್ಲಿ ಮಾತ್ರ ಅದರ 11 ಲೀಟರ್ ಟ್ಯಾಂಕು ಬೇಗ ಬಂಕಿನ ಕಡೆ ತಿರುಗಿಸುತ್ತದೆ, ಆರ್‌ಸಿಯದು 13.7 ಲೀಟರ್.

ಟ್ರ್ಯಾಕಿಗೆಂದೇ ಒಂದು ಬೈಕು ಇಟ್ಟುಕೊಳ್ಳಬಲ್ಲವರು ಎರಡನೇ ಯೋಚನೆ ಮಾಡದೆ ಆರ್‌ಸಿ ಕೊಳ್ಳಲಿ. ಇರುವ ಒಂದೇ ಬೈಕು ಎಲ್ಲಕ್ಕೂ ಆಗಬೇಕಾದವರಿಗೆ ಡೈನಾಮಿಕ್ ಕಿಟ್ಟಿನ ಆರ್‌ಆರ್ ಸರಿ. ಟಿವಿಎಸ್ 2024ರಲ್ಲಿ ಅದಕ್ಕೆ ರೆಕ್ಕೆಗಳನ್ನು (ವಿಂಗ್‌ಲೆಟ್) ಕೊಟ್ಟಿತು. ಮುಂದಿನ ಸಲ ಮೊದಲು ಕೊಡಬೇಕಾದದ್ದು ಆರ್‌ಸಿಗೆ ಸಮನಾದ ಮುಂದಿನ ಬ್ರೇಕನ್ನು.