ಎಷ್ಟು ಹೆರೆಯಬೇಕು, ಯಾವಾಗ ಹೆರೆಯಬೇಕು

ಮುಖದ ಮೂಳೆಗೆ ಬರುವ ಫೈಬ್ರಸ್ ಡಿಸ್‌ಪ್ಲೇಸಿಯಾ ಕ್ಯಾನ್ಸರ್ ಅಲ್ಲ, ತಂದೆತಾಯಿಯಿಂದ ಬರುವುದೂ ಅಲ್ಲ. ಭ್ರೂಣದ ಹಂತದಲ್ಲಿ ಜಿಎನ್‌ಎಎಸ್ ಜೀನ್‌ನಲ್ಲಾಗುವ ಬದಲಾವಣೆಯಿಂದ, ಗಟ್ಟಿ ಮೂಳೆಯಿರಬೇಕಾದಲ್ಲಿ ನಾರು ಮತ್ತು ಬಲಿಯದ ಮೂಳೆ ಬೆರೆತು ಉಬ್ಬುತ್ತವೆ. ಕೆನ್ನೆ ದಪ್ಪಗಾಗಬಹುದು, ಕಣ್ಣುಗುಡ್ಡೆ ಮುಂದೆ ಬರಬಹುದು.

ಇದನ್ನು ಹೆರೆದು ಸರಿಪಡಿಸುವಾಗ ಇರುವ ಮೊದಲ ತೊಡಕು: ರೋಗದ ಮೂಳೆಗೂ ಒಳ್ಳೆಯ ಮೂಳೆಗೂ ನಡುವೆ ಗೆರೆಯಿಲ್ಲ. ಬಾಯೊಳಗಿನ ಕಿರಿದಾದ ಕೊಯ್ತದ ಮೂಲಕ, ರಕ್ತ ಒಸರುತ್ತಿರುವಾಗ, ಸರ್ಜನ್ ಕೈಯಂದಾಜನ್ನೇ ನೆಚ್ಚಬೇಕಿತ್ತು. ಕಂಪ್ಯೂಟರ್ ಯೋಜನೆ ಗೆದ್ದಿರುವುದು ಇಲ್ಲೇ. ತೆಳು ಪದರಗಳ ಸಿ.ಟಿ. ಸ್ಕ್ಯಾನ್‌ನಿಂದ ತಲೆಬುರುಡೆಯ ಮೂರು ಆಯಾಮದ ಮಾದರಿ ಮಾಡಿ, ಒಳ್ಳೆಯ ಬದಿಯನ್ನು ಮಗುಚಿ ಉಬ್ಬಿದ ಬದಿಯ ಮೇಲೆ ಕೂರಿಸುತ್ತಾರೆ. ಎಲ್ಲಿ ಎಷ್ಟು ಮಿಲಿಮೀಟರ್ ಹೆಚ್ಚಿದೆಯೆಂದು ಬಣ್ಣಗಳಲ್ಲಿ ಕಾಣುತ್ತದೆ. ಈ ಅಳತೆಗೆ ತಕ್ಕಂತೆ ಮುದ್ರಿಸಿದ ಮಾರ್ಗದರ್ಶಿ ಅಚ್ಚನ್ನು (ಗೈಡ್) ಮೂಳೆಯ ಮೇಲಿಟ್ಟು ಅಷ್ಟೇ ಆಳದ ರಂಧ್ರಗಳನ್ನು ಕೊರೆದು, ಅವು ಮಾಯವಾಗುವವರೆಗೆ ಹೆರೆದರಾಯಿತು. ಬೆಳವಣಿಗೆ ನಿಂತ ವಯಸ್ಕರಲ್ಲಿ, ಒಂದೇ ಕೆನ್ನೆಮೂಳೆಯ ಉಬ್ಬಿಗೆ ಇದಕ್ಕಿಂತ ಅಚ್ಚುಕಟ್ಟಾದ ದಾರಿ ನನಗೆ ಕಾಣದು.

ಆದರೆ ಈ ಲೆಕ್ಕ ನಿಂತಿರುವುದು ಎರಡೂ ಬದಿ ಸಮ ಎಂಬ ನಂಬಿಕೆಯ ಮೇಲೆ. ರೋಗ ನಡುಗೆರೆ ದಾಟಿದ್ದರೆ ಮಗುಚಲು ಒಳ್ಳೆಯ ಬದಿಯೇ ಇರುವುದಿಲ್ಲ. ವರ್ಷಗಟ್ಟಲೆ ಹಿಗ್ಗಿದ ಚರ್ಮ ಮತ್ತು ಸ್ನಾಯು ಮೂಳೆಯಷ್ಟೇ ವಿಧೇಯವಾಗಿ ಹಿಂದೆ ಸರಿಯುವುದಿಲ್ಲ. ಬೆಳೆಯುವ ಮಕ್ಕಳಲ್ಲಿ, ಎಷ್ಟೇ ನಿಖರವಾಗಿ ಹೆರೆದರೂ ಮೂಳೆ ಮತ್ತೆ ಉಬ್ಬಬಹುದು.

ಇನ್ನೂ ದೊಡ್ಡ ಅಪಾಯ, ಚಿತ್ರವೇ ಕತ್ತಿಯನ್ನು ಕರೆಯುವುದು. ದೃಷ್ಟಿನರದ ಸುತ್ತ ಮೂಳೆ ಬಿಗಿದಿರುವುದು ಪರದೆಯ ಮೇಲೆ ಭಯ ಹುಟ್ಟಿಸುತ್ತದೆ. ಆದರೂ ದೃಷ್ಟಿ ಸರಿಯಿದ್ದರೆ ನರವನ್ನು ಬಿಡಿಸಲು ಹೋಗದೆ, ಕಣ್ಣಿನ ತಪಾಸಣೆ ಮಾಡಿಸುತ್ತ ಕಾಯುವುದೇ ಇಂದು ಒಪ್ಪಿತ ನೀತಿ. ಆ ಶಸ್ತ್ರಕ್ರಿಯೆಯಿಂದಲೇ ಕುರುಡುತನ ಬರಬಹುದು. ನೋಡಲು ಈ ರೋಗವನ್ನೇ ಹೋಲುವ ಆಸಿಫೈಯಿಂಗ್ ಫೈಬ್ರೋಮಾ ಎಂಬ ಗಡ್ಡೆಯ ನ್ಯಾಯವೇ ಬೇರೆ: ಅದನ್ನು ಹೆರೆದು ಬಿಡುವಂತಿಲ್ಲ, ಪೂರ್ತಿ ತೆಗೆಯಬೇಕು. ಈ ವ್ಯತ್ಯಾಸ ಹೇಳುವುದು ವೈದ್ಯರ ವಿವೇಚನೆ, ಸ್ಕ್ಯಾನ್ ಮತ್ತು ಬಯಾಪ್ಸಿ. ಯೋಜನೆಯ ಸಾಫ್ಟ್‌ವೇರ್ ಅಲ್ಲ.

ಕಂಪ್ಯೂಟರ್ ಯೋಜನೆಯ ಬಗ್ಗೆ ಪ್ರಕಟವಾಗುವ ವರದಿಗಳಲ್ಲಿ ಹೆಚ್ಚಿನವು ಕೆಲವೇ ರೋಗಿಗಳವು. ಯೋಜನೆಗೂ ಫಲಿತಾಂಶಕ್ಕೂ ಎಷ್ಟು ಮಿಲಿಮೀಟರ್ ವ್ಯತ್ಯಾಸ ಎಂಬುದೇ ಅವುಗಳ ಮುಖ್ಯ ಮಾನದಂಡ. ಅದು ಸರ್ಜನ್ ಯೋಜನೆಗೆ ನಿಷ್ಠರಾಗಿದ್ದರೆಂದು ಸಾಬೀತುಪಡಿಸುತ್ತದೆ, ಯೋಜನೆಯೇ ಸರಿಯಿತ್ತೆಂದಲ್ಲ. ಐದಾರು ವರ್ಷದ ನಂತರ ಮೂಳೆ ಎಷ್ಟು ಮರುಬೆಳೆಯಿತು, ರೋಗಿಗೆ ತನ್ನ ಮುಖ ಒಪ್ಪಿಗೆಯಾಯಿತೇ ಎಂಬುದನ್ನೂ ಬರೆದಿಡುವವರೆಗೆ ಈ ವಿಧಾನಕ್ಕೆ ಪೂರ್ಣ ಅಂಕ ಕೊಡಲಾಗದು.