ಬೋರ್ಡಿನ ಮೇಲಿನ ಹಂಗಾಮು

ಶನಿವಾರ ಸಂಜೆ ಇಂದಿರಾನಗರದ ಟಾಯ್ಟ್‌ನಲ್ಲಿ ಕೂತ ತಕ್ಷಣ ನಮ್ಮ ಟೀಮಿನ ಹುಡುಗರು ಕೇಳೋದು ಒಂದೇ ಪ್ರಶ್ನೆ: "ಸೀಸನಲ್ ಏನಿದೆ?" ವರ್ಷಪೂರ್ತಿ ಸಿಗೋ ಬಿಯರ್‌ಗಳ ಹೆಸರು ಯಾರೂ ಓದಲ್ಲ, ಅವು ಎಲ್ಲಿಗೂ ಓಡಿಹೋಗಲ್ಲ ಅಂತ ಧೈರ್ಯ.

ನಾನು ಶಿರಹಟ್ಟಿ ತಾಲ್ಲೂಕಿನ ಹಳ್ಳಿಯವನು. ನಮ್ಮ ಕಡೆ ಸೀಸನ್ ಅಂದ್ರೆ ಹಂಗಾಮು. ಮುಂಗಾರಿಗೆ ಹೆಸರು, ಶೇಂಗಾ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ಹಂಗಾಮು ತಪ್ಪಿದರೆ ಆ ವರ್ಷ ಸಾಲ. ಅದಕ್ಕೇ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ "ಸೀಸನಲ್" ಅನ್ನೋ ಪದ ನನಗೆ ಸಲೀಸಾಗಿ ಗಂಟಲಲ್ಲಿ ಇಳಿಯಲ್ಲ.

ಮೊದಲು ಕಾಯಂ ಪಟ್ಟಿಯ ಮಾತು. 2010ರಲ್ಲಿ ಶುರುವಾದ ಟಾಯ್ಟ್‌ನ ಹಳೆಯ ಹೆಸರುಗಳು ನಿಮಗೂ ಬಾಯಿಪಾಠ ಇರ್ತವೆ. ಟಿನ್‌ಟಿನ್ ಟಾಯ್ಟ್ ಬೆಲ್ಜಿಯಂನ ವಿಟ್ ಶೈಲಿಯದು. ಈ ಶೈಲಿಗೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಕಾಳು ಬೀಳ್ತವೆ. ನಮ್ಮೂರಲ್ಲಿ ಹವೀಜ ಅಂತೀವಲ್ಲ, ಅದೇ. ಖಾರದ ತಿಂಡಿ ಜೊತೆ ಇದಕ್ಕಿಂತ ಹೊಂದೋದು ನನಗೆ ಸಿಕ್ಕಿಲ್ಲ. ಟಾಯ್ಟ್ ವೈಸ್ ಗೋಧಿ ಬಿಯರ್, ಸೆಖೆಗೆ ಒಳ್ಳೇದು. ಟಾಯ್ಟ್ ರೆಡ್ ಸೌಮ್ಯ, ಎರಡನೇ ಗ್ಲಾಸಿನಲ್ಲಿ ಇಷ್ಟ ಆಗೋ ಜಾತಿ. ಬಾಸ್ಮತಿ ಬ್ಲಾಂಡ್‌ಗೆ ಅಕ್ಕಿ ಹಾಕ್ತಾರೆ. ನಮ್ಮ ದೇಶದ್ದೇ, ಆದರೆ ನಮ್ಮ ಕಡೆಯ ಹೊಲದ್ದಲ್ಲ. ಆಮೇಲೆ ಕಲೋನಿಯಲ್ ಟಾಯ್ಟ್ ಅನ್ನೋ ಪೇಲ್ ಏಲ್. ರುಚಿಗೆ ತಕರಾರಿಲ್ಲ, ಕಹಿ ಹದವಾಗಿದೆ. ಹೆಸರು ಮಾತ್ರ ಪ್ರತಿ ಸಲ ಚುಚ್ಚುತ್ತೆ. ಇಂಡಿಯಾ ಪೇಲ್ ಏಲ್ ಅಂತ ಜಗತ್ತೆಲ್ಲ ಕುಡಿಯೋ ಬಿಯರ್‌ನಲ್ಲಿ ಇಂಡಿಯಾ ಇದ್ದದ್ದು ಹಡಗಿನ ವಿಳಾಸದಲ್ಲಿ ಮಾತ್ರ. ಲಂಡನ್ನಿನ ಬೋ ಕಡೆಯ ಹಾಡ್ಜ್‌ಸನ್‌ನಂಥವರು ಕಂಪನಿ ಸರ್ಕಾರದ ಜನರಿಗೆ ಕಳಿಸಿದ್ದು. ಬಾರ್ಲಿ ಅವರದು, ಹಾಪ್ಸ್ ಅವರದು, ಬಾಯಿಯೂ ಅವರದೇ.

ಸೀಸನಲ್ ಅನ್ನೋದು ನಿಜವಾಗಿ ಏನು ಅಂತ ನನಗೆ ತಿಳಿದದ್ದು ಆನ್‌ಸೈಟ್‌ಗೆ ಹೋದಾಗ. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಲೂಯಿಸ್ ಅಂತ ಒಂದು ಸಣ್ಣ ಊರಿದೆ. ಅಲ್ಲಿ ಊಸ್ ನದಿ ದಂಡೆ ಮೇಲೆ ಹಾರ್ವೀಸ್ ಬ್ರೂವರಿ, 1790ರಿಂದ ನಡೆದುಬಂದ ಮನೆತನ. ಸಸೆಕ್ಸ್ ಬೆಸ್ಟ್ ವರ್ಷಪೂರ್ತಿ ಸಿಗುತ್ತೆ, ಆಲ್ಕೋಹಾಲ್ ಶೇ. 4ರಷ್ಟೇ. ಚಳಿ ಬಂತು ಅಂದ್ರೆ ಕಪ್ಪನೆಯ ಓಲ್ಡ್ ಏಲ್. ನವೆಂಬರ್ 5ರ ಬೆಂಕಿ ಹಬ್ಬಕ್ಕೆ ಬಾನ್‌ಫೈರ್ ಬಾಯ್. ಫ್ರಿಜ್ ಇಲ್ಲದ ಕಾಲದಲ್ಲಿ ಬೇಸಿಗೆಯಲ್ಲಿ ಮಾಡಿದ ಬಿಯರ್ ಹುಳಿಯಾಗಿ ಕೆಡ್ತಿತ್ತು. ಅದಕ್ಕೇ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಒಲೆ ಹಚ್ಚೋರು. ಬಾರ್ಲಿ ಸುಗ್ಗಿ ಆಗಸ್ಟ್, ಹಾಪ್ಸ್ ಬಿಡಿಸೋದು ಸೆಪ್ಟೆಂಬರ್. ಅಲ್ಲಿ ಹಂಗಾಮು ರುಚಿಗಿಂತ ಮೊದಲು ಒಂದು ಕಟ್ಟಳೆಯಾಗಿತ್ತು. ನಮ್ಮ ಹೊಲಕ್ಕಿರೋ ಹಂಗೇ.

ಆ ಊರಿನ ಜನ ಜಗಳ ಆಡಿದ್ದು ಮಾತ್ರ ಸೀಸನಲ್‌ಗಾಗಿ ಅಲ್ಲ. 2006ರ ಡಿಸೆಂಬರ್‌ನಲ್ಲಿ ಲೂಯಿಸ್ ಆರ್ಮ್ಸ್ ಅನ್ನೋ ಪಬ್ಬಿನಿಂದ ಅದರ ಮಾಲೀಕ ಕಂಪನಿ ಗ್ರೀನ್ ಕಿಂಗ್ ಹಾರ್ವೀಸ್ ಬೆಸ್ಟನ್ನು ತೆಗೆದುಹಾಕಿತು. ಗಿರಾಕಿಗಳು ಬಹಿಷ್ಕಾರ ಹಾಕಿ 133 ದಿನ ಬಾಗಿಲ ಹೊರಗೇ ನಿಂತರು. 2007ರ ಏಪ್ರಿಲ್‌ನಲ್ಲಿ ಕಂಪನಿ ಮಣಿಯಿತು. ಜನ ಹಠ ಹಿಡಿದದ್ದು ದಿನಾ ಕುಡಿಯೋ ಸಾದಾ ಬಿಯರ್‌ಗೆ.

ಅದೇ 2007ರ ಜುಲೈ 1ಕ್ಕೆ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಯ್ತು. ನಾನಾಗ ಬಿಇ ಓದ್ತಿದ್ದೆ. ನಮ್ಮ ಕಾಕಾ ಸಾರಾಯಿ ಪಾಕೀಟಿಗೆ ಎರಡು ಎಕರೆ ಎರಿ ಹೊಲ ಕಳಕೊಂಡಿದ್ದರು. ನಿಷೇಧದ ಸುದ್ದಿ ಕೇಳಿದ ದಿನ ಕಾಕೂ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಒಂದು ಊರು ತನ್ನ ಕುಡಿತ ವಾಪಸ್ ಬಂತು ಅಂತ ಕುಣೀತು, ಇನ್ನೊಂದು ಊರು ಕುಡಿತ ಹೋಯ್ತು ಅಂತ. ಬಿಯರ್ ಬಗ್ಗೆ ರಸಿಕರ ಹಾಗೆ ಬರೆಯೋವಾಗ ನನಗೆ ಈ ಎರಡೂ ನೆನಪಿರಬೇಕು. ಗ್ಲಾಸ್ ಹಿಡಿದು ಮೂಸಿ "ಹದವಾದ ಕಹಿ" ಅನ್ನೋ ನಾನೂ, ಚರಂಡಿ ಪಕ್ಕ ಬಿದ್ದಿರ್ತಿದ್ದ ಕಾಕಾನೂ ಬೇರೆ ಬೇರೆ ಜಾತಿ ಅಂತ ನಂಬೋಕೆ ನನ್ನ ಸಂಬಳ ಒಂದೇ ಸಾಲದು.

ಇಷ್ಟಾದರೂ ನನ್ನ ತಕರಾರು ಇದೆ. ಬೇಸಿಗೆಯಲ್ಲಿ ಬೆಂಗಳೂರಿನ ಬ್ರೂವರಿಗಳು ಮಾವಿನ ಬಿಯರ್ ಮಾಡ್ತವೆ. ಅದು ಪ್ರಾಮಾಣಿಕ, ಮಾವು ನಮ್ಮ ಬೇಸಿಗೆಯದೇ. ಆದರೆ ಅಕ್ಟೋಬರ್‌ಗೆ ಜರ್ಮನಿಯ ಹಬ್ಬ, ಡಿಸೆಂಬರ್‌ಗೆ ಹಿಮದ ದೇಶದ ಮಸಾಲೆ ಹಾಕಿದಾಗ ಅದು ಬಾಡಿಗೆ ಕ್ಯಾಲೆಂಡರ್. ಡಿಸೆಂಬರ್, ಜನವರಿಯಲ್ಲಿ ನಮ್ಮಲ್ಲಿ ಎಳ್ಳಮವಾಸಿ, ಸೀತನಿ. ಹಾಲುದುಂಬಿದ ಜೋಳದ ತೆನೆ ಸುಟ್ಟು ಬಡಿದಾಗ ಬರೋ ಆ ಹೊಗೆ, ಆ ಸಿಹಿ ಯಾವ ಬೋರ್ಡಿನ ಮೇಲೂ ನಾನು ನೋಡಿಲ್ಲ. ಹಣ್ಣು ಮೇಲಿನ ಒಗ್ಗರಣೆ. ಬಿಯರ್‌ನ ಜೀವ ಇರೋದು ಕಾಳಿನಲ್ಲಿ.

ಜೋಳದ ಬಿಯರ್ ಸುಲಭ ಅಲ್ಲ, ಒಪ್ತೀನಿ. ಬಾರ್ಲಿ ಮಾಲ್ಟ್‌ಗಿಂತ ಜೋಳದ ಮಾಲ್ಟ್‌ಗೆ ಪಿಷ್ಟವನ್ನು ಸಕ್ಕರೆ ಮಾಡೋ ಶಕ್ತಿ ಕಡಿಮೆ. ಅದರ ಪಿಷ್ಟ ಬೇಯೋಕೆ ಹೆಚ್ಚು ಶಾಖ ಬೇಕು. ಬಾರ್ಲಿಗಿರೋ ಹೊಟ್ಟು ಇಲ್ಲದ್ದರಿಂದ ಸೋಸೋದೂ ಕಷ್ಟ. ಆದರೆ 1988ರಲ್ಲಿ ನೈಜೀರಿಯಾ ಬಾರ್ಲಿ ಆಮದು ನಿಲ್ಲಿಸಿದಾಗ ಅಲ್ಲಿನ ದೊಡ್ಡ ಬ್ರೂವರಿಗಳೇ ಜೋಳಕ್ಕೆ ಬಂದವು. ಬೇಕು ಅನ್ನಿಸಿದರೆ ದಾರಿ ಇದೆ. ವರ್ಷದಲ್ಲಿ ಎರಡು ವಾರ ಬರೋ ಸೀಸನಲ್ ಆಗಿ ಬೇಡ. ಕಾಯಂ ಪಟ್ಟಿಯಲ್ಲಿ ಒಂದು ಜೋಳದ ಏಲ್ ಇರಲಿ, ಮುಂದೊಂದು ದಿನ ತೆಗೆದರೆ ನಾವೂ 133 ದಿನ ಹೊರಗೆ ನಿಲ್ಲೋವಂಥದ್ದು.

ಈ ಐಡಿಯಾವನ್ನ ಧೈರ್ಯ ಮಾಡಿ ಅವ್ವಗ ಫೋನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಜ್ವಾಳ ಕುಡ್ಯಾಕ ಬೆಳಿತೀವೇನೋ ತಮ್ಮಾ?"

"ಅಂಬಲಿ ಕುಡ್ಯಂಗಿಲ್ಲೇನವ್ವಾ? ಅದೂ ರಾತ್ರಿ ಇಟ್ಟು ಹುಳಿ ಬರಿಸಿದ್ದ ಅಲ್ಲೇನು?"

"ಅದನ್ನ ಕುಡುದು ನಿಮ್ಮ ಕಾಕಾ ಹೊಲಕ್ಕ ಹೋಗ್ತಿದ್ದ. ಇನ್ನೊಂದನ್ನ ಕುಡುದು ಹೊಲಾ ಮಾರಿದ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಶನಿವಾರ ಮತ್ತೆ ಟಾಯ್ಟ್‌ಗೆ ಹೋದೆ, ಟಿನ್‌ಟಿನ್ ಹೇಳಿದೆ. ಹವೀಜದ ವಾಸನೆ ಬಂತು. ಆವತ್ತು ಒಂದೇ ಗ್ಲಾಸಿಗೆ ಎದ್ದೆ.