ಕ್ಲಿಶ್ಯಮಾನನೂ ಅವಿನೇಯನೂ ಒಬ್ಬನೇ ಆದಾಗ

2020ರ ಫೆಬ್ರವರಿ 3ರಂದು ಅಮೆರಿಕದ ಬಾನುಲಿ ಪ್ರಸಾರಕ ರಶ್ ಲಿಂಬಾ ತನ್ನ ದಿನದ ಕಾರ್ಯಕ್ರಮವನ್ನು ಮುಗಿಸುವ ಹೊತ್ತಿನಲ್ಲಿ ಕೇಳುಗರಿಗೆ ಒಂದು ಸುದ್ದಿಯನ್ನು ತಿಳಿಸಿದನು. ತನಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿದೆ, ಅದು ಮುಂದುವರಿದ ಹಂತದಲ್ಲಿದೆ ಎಂಬುದೇ ಆ ಸುದ್ದಿ. 1988ರಿಂದ ರಾಷ್ಟ್ರವ್ಯಾಪಿಯಾಗಿ ಪ್ರಸಾರವಾಗುತ್ತಿದ್ದ ಆ ಕಾರ್ಯಕ್ರಮವನ್ನು 600ಕ್ಕೂ ಹೆಚ್ಚು ಕೇಂದ್ರಗಳು ಬಿತ್ತರಿಸುತ್ತಿದ್ದವು. ಕೋಟ್ಯಂತರ ಜನರಿಗೆ ಮಧ್ಯಾಹ್ನದ ಊಟದಷ್ಟೇ ಬಳಕೆಯಾಗಿದ್ದ ದನಿ ಅದು. ಸುದ್ದಿ ಹೊರಬಿದ್ದ ಕೆಲವೇ ಗಂಟೆಗಳಲ್ಲಿ ಆ ದೇಶ ಎರಡಾಗಿ ಮಾತಾಡತೊಡಗಿತು. ಒಂದು ಪಾಳಯದಲ್ಲಿ ಪ್ರಾರ್ಥನೆ, ಕಣ್ಣೀರು. ಇನ್ನೊಂದರಲ್ಲಿ ಅನೇಕರ ಬಾಯಲ್ಲಿ ಮುಚ್ಚುಮರೆಯಿಲ್ಲದ ಸಂತೋಷ. ಒಬ್ಬ ಮನುಷ್ಯನ ಎದೆಯಲ್ಲಿ ಹುಣ್ಣು ಬೆಳೆಯುತ್ತಿದೆ ಎಂಬ ವಾರ್ತೆಯನ್ನು ಸಿಹಿ ಹಂಚುವ ವಾರ್ತೆಯಂತೆ ಸ್ವೀಕರಿಸಿದವರಲ್ಲಿ ಓದುಬರಹ ಬಲ್ಲವರು, ಸಜ್ಜನರೆನಿಸಿಕೊಂಡವರು, ಇತರ ಸಮಯದಲ್ಲಿ ದಯೆಯ ಪರವಾಗಿ ವಾದಿಸುವವರು ಎಲ್ಲರೂ ಇದ್ದರು.

ಅವರ ಕೋಪಕ್ಕೆ ಆಧಾರವಿರಲಿಲ್ಲ ಎನ್ನುವಂತಿಲ್ಲ. ಲಿಂಬಾನ ಮಾತು ಬಹಳ ಜನರನ್ನು ನೋಯಿಸಿತ್ತು. ರಾಷ್ಟ್ರೀಯ ಪ್ರಸಾರದ ಆರಂಭದ ವರ್ಷಗಳಲ್ಲಿ ಅವನು ಏಡ್ಸ್ ರೋಗದಿಂದ ಸಾಯುತ್ತಿದ್ದವರ ಸುದ್ದಿಯನ್ನು ಹಾಡಿನ ಹಿನ್ನೆಲೆಯಲ್ಲಿ ಹಾಸ್ಯದ ಪ್ರಸಂಗವಾಗಿಸಿ ಬಿತ್ತರಿಸಿದ್ದನು. 2006ರಲ್ಲಿ, ಪಾರ್ಕಿನ್ಸನ್ ರೋಗದಿಂದ ನರಳುತ್ತಿದ್ದ ನಟ ಮೈಕೆಲ್ ಜೆ. ಫಾಕ್ಸ್ ಚುನಾವಣೆಯ ಜಾಹೀರಾತೊಂದರಲ್ಲಿ ಕಾಣಿಸಿಕೊಂಡಾಗ, ಆತನ ಮೈನಡುಕ ನಟನೆಯಿರಬೇಕೆಂದು ಹೇಳಿ ಅದನ್ನು ಅಣಕಿಸಿಯೂ ತೋರಿಸಿದ್ದನು. ಹೊಗೆಬತ್ತಿಯ ವಿಷಯದಲ್ಲಿ ಅವನ ನಿಲುವು ಇನ್ನೂ ವಿಚಿತ್ರವಾದುದು. ಸಿಗಾರು ಹಿಡಿದ ಚಿತ್ರ ಅವನ ಗುರುತೇ ಆಗಿತ್ತು. ಪರರು ಸೇದಿದ ಹೊಗೆಯಿಂದ ಹತ್ತಿರದವರಿಗೆ ಅಪಾಯ ಎಂಬ ವೈದ್ಯರ ಎಚ್ಚರಿಕೆಯನ್ನು ಅವನು ಕೇಳುಗರ ಮುಂದೆ ತಳ್ಳಿಹಾಕುತ್ತಿದ್ದನು. ಅಂಥವನಿಗೇ ಶ್ವಾಸಕೋಶದ ರೋಗ ಬಂದುದನ್ನು ಕಂಡು ವಿರೋಧಿಗಳು ನ್ಯಾಯದೇವತೆಯೇ ಕಣ್ಣು ತೆರೆದಳೆಂದರು. ಪಾಶ್ಚಾತ್ಯರ ನಾಲಗೆಯ ಮೇಲೆ ಈಗ ಸಲೀಸಾಗಿ ಆಡುವ ‘ಕರ್ಮ’ ಎಂಬ ಪದವೂ ಆ ದಿನಗಳಲ್ಲಿ ಧಾರಾಳವಾಗಿ ಬಳಕೆಯಾಯಿತು.

ಜೈನ ಓದುಗನು ಇಲ್ಲಿ ತುಸು ನಿಲ್ಲಬೇಕಾಗುತ್ತದೆ. ದೂರದ ದೇಶದ ರಾಜಕೀಯ ಜಗಳ ಅವನದಲ್ಲ. ಆದರೆ ಆ ಪದ ಅವನ ಮನೆಯದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ವ್ರತಿಯು ಭಾವಿಸಬೇಕಾದ ನಾಲ್ಕು ಭಾವನೆಗಳನ್ನು ಹೇಳಿದ್ದಾರೆ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲಿಶ್ಯಮಾನರಲ್ಲಿ, ಅಂದರೆ ನರಳುವವರಲ್ಲಿ, ಕಾರುಣ್ಯ, ಅವಿನೇಯರಲ್ಲಿ, ಅಂದರೆ ಎಷ್ಟು ಹೇಳಿದರೂ ತಿದ್ದಿಕೊಳ್ಳದವರಲ್ಲಿ, ಮಾಧ್ಯಸ್ಥ್ಯ. ಪರ್ಯೂಷಣದ ಪ್ರವಚನಗಳಲ್ಲಿ ಈ ಸೂತ್ರವನ್ನು ಕೇಳದ ಶ್ರಾವಕನಿಲ್ಲ. ಕೇಳುವಾಗ ಈ ನಾಲ್ವರು ನಾಲ್ಕು ಬೇರೆ ಬೇರೆ ಮನುಷ್ಯರೆಂದು ಅನಿಸುತ್ತದೆ. ಗುಣವಂತ ಒಂದು ಬಾಗಿಲಲ್ಲಿ, ರೋಗಿ ಇನ್ನೊಂದು ಬಾಗಿಲಲ್ಲಿ, ಹಟಮಾರಿ ಮತ್ತೊಂದು ಬಾಗಿಲಲ್ಲಿ ನಿಂತಂತೆ. ಲೋಕದಲ್ಲಿ ಹಾಗಿಲ್ಲ. ವಿರೋಧಿಗಳ ಕಣ್ಣಿನಲ್ಲಿ ಮೂವತ್ತು ವರ್ಷ ಅವಿನೇಯನಾಗಿದ್ದ ಲಿಂಬಾ ಒಂದು ಮಧ್ಯಾಹ್ನ ಕ್ಲಿಶ್ಯಮಾನನಾಗಿ ಎದುರಿಗೆ ಬಂದನು. ಎರಡು ಪಾತ್ರಗಳನ್ನೂ ಒಂದೇ ದೇಹ ಹೊತ್ತು ನಿಂತಾಗ ಅವನಿಗೆ ಸಲ್ಲಬೇಕಾದುದು ಯಾವುದು?

ಪೂಜ್ಯಪಾದರ ಸರ್ವಾರ್ಥಸಿದ್ಧಿಯನ್ನು ತೆರೆದು ನೋಡಿದರೆ ಉತ್ತರ ಅಲ್ಲಿದೆ. ಕ್ಲಿಶ್ಯಮಾನರೆಂದರೆ ಯಾರೆಂಬುದಕ್ಕೆ ಆ ವ್ಯಾಖ್ಯಾನ ಕೊಡುವ ಅರ್ಥ, ಅಸಾತಾವೇದನೀಯ ಕರ್ಮದ ಉದಯದಿಂದ ಕ್ಲೇಶಕ್ಕೆ ಗುರಿಯಾದವರು ಎಂದು. ಈ ಮಾತಿನ ತೂಕ ಥಟ್ಟನೆ ತಿಳಿಯುವಂಥದಲ್ಲ. ‘ಅವನು ತನ್ನ ಕರ್ಮದಿಂದಲೇ ನರಳುತ್ತಿದ್ದಾನೆ’ ಎಂಬುದನ್ನು ಲೋಕ ಕರುಣೆಯನ್ನು ನಿರಾಕರಿಸಲು ಬಳಸುತ್ತದೆ. ಆಚಾರ್ಯರಾದರೋ ಅದೇ ಮಾತನ್ನು ಕರುಣೆಗೆ ಪಾತ್ರನಾದವನ ಲಕ್ಷಣವಾಗಿ ಇಟ್ಟಿದ್ದಾರೆ. ಕರ್ಮದಿಂದಲ್ಲದೆ ನರಳುವ ಜೀವಿ ಜೈನ ದೃಷ್ಟಿಯಲ್ಲಿ ಇಲ್ಲವೇ ಇಲ್ಲ. ಕರ್ಮವು ಕರುಣೆಗೆ ಅಡ್ಡಿಯಾಗುವುದಾದರೆ ಕಾರುಣ್ಯವೆಂಬ ಭಾವನೆಗೆ ಒಬ್ಬನೇ ಒಬ್ಬ ಅಧಿಕಾರಿಯೂ ಸಿಕ್ಕುತ್ತಿರಲಿಲ್ಲ. ಮಾಧ್ಯಸ್ಥ್ಯದ ಅರ್ಥವೂ ಅಷ್ಟೇ ಸ್ಪಷ್ಟ: ರಾಗದ್ವೇಷಗಳಿಂದ ಹುಟ್ಟುವ ಪಕ್ಷಪಾತವಿಲ್ಲದಿರುವುದು. ಅವಿನೇಯನನ್ನು ಕಂಡು ಹಲ್ಲು ಕಡಿಯುವುದಕ್ಕೇ ಅನುಮತಿಯಿಲ್ಲದ ಮೇಲೆ, ಅವನು ಬಿದ್ದಾಗ ನಗುವುದಕ್ಕೆ ಅನುಮತಿ ಎಲ್ಲಿಂದ ಬರಬೇಕು? ನಾಲ್ಕು ಬಾಗಿಲುಗಳಲ್ಲಿ ಯಾವುದರಿಂದ ಹೋದರೂ ಆ ನಗೆಗೆ ಪ್ರವೇಶವಿಲ್ಲ.

‘ತಕ್ಕ ಶಾಸ್ತಿಯಾಯಿತು’ ಎಂಬ ಮಾತು ಕನ್ನಡದಲ್ಲೂ ಬಹಳ ಹಳೆಯದು. ಶಾಸ್ತಿಗೆ ಶಾಸಿಸುವವನೊಬ್ಬ ಬೇಕು. ಸೃಷ್ಟಿಕರ್ತನನ್ನೂ ದಂಡಾಧಿಕಾರಿಯಾದ ಈಶ್ವರನನ್ನೂ ಒಪ್ಪದ ದರ್ಶನದಲ್ಲಿ ರೋಗವು ಯಾರೋ ವಿಧಿಸಿದ ದಂಡನೆಯಾಗಲಾರದು. ಅದು ಬಂಧವಾದ ಕರ್ಮಪುದ್ಗಲಗಳು ಪಕ್ವವಾಗಿ ಉದುರುವ ಕ್ರಿಯೆ. ಯಾವ ಭವದ ಯಾವ ಪರಿಣಾಮ ಇಂದು ಉದಯಕ್ಕೆ ಬಂದಿದೆ ಎಂಬುದು ಕೇವಲಿಗೆ ಮಾತ್ರ ಗೋಚರ. ಇಂಥ ಮಾತಿಗೆ ಇಂಥ ಹುಣ್ಣು ಎಂದು ಲೆಕ್ಕ ಜೋಡಿಸುವವನು ತನಗಿಲ್ಲದ ಜ್ಞಾನವನ್ನು ಇದೆಯೆಂದು ಸಾರುತ್ತಾನೆ. ಅದರ ಜೊತೆಗೆ ಸಂತೋಷವನ್ನೂ ಸೇರಿಸಿದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಕೃತ, ಕಾರಿತ, ಅನುಮೋದಿತ ಎಂದು ಹಿಂಸೆಗೆ ಮೂರು ದಾರಿಗಳಿವೆ. ಪರಪೀಡೆಯಲ್ಲಿ ಸುಖಿಸುವ ಚಿತ್ತವನ್ನು ಹಿಂಸಾನಂದವೆಂಬ ರೌದ್ರಧ್ಯಾನವೆಂದು ಶಾಸ್ತ್ರ ಎಣಿಸಿದೆ. ರೋಗಿಯು ತನ್ನ ಹಳೆಯ ಸಾಲವನ್ನು ತೀರಿಸುತ್ತಿರುವಾಗ ನೋಡುವವನು ಹೊಸ ಸಾಲಪತ್ರಕ್ಕೆ ರುಜು ಹಾಕುತ್ತಿರುತ್ತಾನೆ.

ಇನ್ನು ‘ಸೇದಿದ, ಬಂತು’ ಎಂಬ ಮಾತು. ಇದರಲ್ಲಿ ಅರ್ಧ ಸತ್ಯವಿದೆ, ಆದುದರಿಂದಲೇ ಅಪಾಯ ಹೆಚ್ಚು. ಶ್ವಾಸಕೋಶದ ಕ್ಯಾನ್ಸರಿಗೆ ತಂಬಾಕಿನ ಹೊಗೆಯೇ ಎಲ್ಲಕ್ಕಿಂತ ದೊಡ್ಡ ಕಾರಣ. ಇದರಲ್ಲಿ ಸಂಶಯವಿಲ್ಲ, ಅದನ್ನು ಮರೆಮಾಚುವುದು ದಯೆಯೂ ಅಲ್ಲ. ಆದರೆ ಅಮೆರಿಕದಲ್ಲಿಯೇ ಈ ರೋಗಿಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿ ಎಂದೂ ಸಿಗರೇಟು ಸೇದದವರು. ಹೊರಗಿನ ಗಾಳಿಯ ಮಾಲಿನ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2013ರಲ್ಲಿ ಈ ರೋಗದ ಖಚಿತ ಕಾರಣಗಳ ಸಾಲಿಗೆ ಸೇರಿಸಿತು. ಭಾರತದಲ್ಲಿ ಈ ರೋಗ ತಗಲಿದ ಹೆಂಗಸರಲ್ಲಿ ಹೆಚ್ಚಿನವರು ಬೀಡಿಯನ್ನಾಗಲಿ ಸಿಗರೇಟನ್ನಾಗಲಿ ಮುಟ್ಟಿದವರಲ್ಲ. ಸೌದೆ ಒಲೆಯ ಮುಂದೆ ಜೀವಮಾನವನ್ನು ಕಳೆದ ಗೃಹಿಣಿಗೆ ಯಾವ ಶಾಸ್ತಿ?

ಈ ಅರ್ಧಸತ್ಯ ಎಂಥ ಗಾಯ ಮಾಡುತ್ತದೆಂಬುದು 2005ರಲ್ಲಿ ಅದೇ ಅಮೆರಿಕದಲ್ಲಿ ಕಂಡುಬಂದಿತ್ತು. ಆ ವರ್ಷದ ಏಪ್ರಿಲ್ 5ರಂದು ಎಬಿಸಿ ದೂರದರ್ಶನ ಜಾಲದ ವಾರ್ತಾನಿರೂಪಕ ಪೀಟರ್ ಜೆನಿಂಗ್ಸ್ ಒಡೆದ ದನಿಯಲ್ಲಿ ತನ್ನ ಶ್ವಾಸಕೋಶದ ಕ್ಯಾನ್ಸರನ್ನು ವೀಕ್ಷಕರಿಗೆ ತಿಳಿಸಿದನು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಧೂಮಪಾನ ಬಿಟ್ಟಿದ್ದುದನ್ನೂ, 2001ರ ಸೆಪ್ಟೆಂಬರಿನ ದಾಳಿಯ ಸಮಯದಲ್ಲಿ ಮನಸ್ಸು ಸೋತು ಮತ್ತೆ ಸೇದಿದ್ದನ್ನೂ ಅವನೇ ಹೇಳಿಕೊಂಡನು. ಯಾರೂ ಕೇಳುವ ಮೊದಲೇ ಒಬ್ಬ ರೋಗಿ ತಪ್ಪೊಪ್ಪಿಗೆಯನ್ನು ಮುಂದಿಡಬೇಕಾಯಿತು. ಹೃದಯಾಘಾತವಾದವನಿಂದ ತುಪ್ಪದ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಆಗಸ್ಟ್ 7ರಂದು ಅವನು ತೀರಿಕೊಂಡನು. ಎರಡು ದಿನಗಳ ಬಳಿಕ, ನಟ ಕ್ರಿಸ್ಟೋಫರ್ ರೀವ್‌ನ ಪತ್ನಿಯಾಗಿದ್ದ ಡೇನಾ ರೀವ್ ತನಗೂ ಅದೇ ರೋಗವೆಂದು ಪ್ರಕಟಿಸಿದಳು. ಅವಳು ಸಿಗರೇಟು ಸೇದುವವಳಲ್ಲ. ಆ ಸಂಗತಿಯನ್ನು ಪ್ರತಿಯೊಂದು ಸುದ್ದಿಯೂ ಒತ್ತಿ ಹೇಳಬೇಕಾಯಿತು, ಅದು ಅವಳ ಮರುಕದ ಅರ್ಜಿಗೆ ಲಗತ್ತಿಸಿದ ಪ್ರಮಾಣಪತ್ರವೋ ಎಂಬಂತೆ. 2006ರ ಮಾರ್ಚ್ 6ರಂದು, ತನ್ನ 44ನೆಯ ವಯಸ್ಸಿನಲ್ಲಿ, ಅವಳೂ ಹೋದಳು.

ಇದೆಲ್ಲ ಹೊರಗಿನವರ ಕಥೆಯೆಂದು ಜೈನ ಮನೆಗಳು ನೆಮ್ಮದಿಯಾಗಿರುವಂತಿಲ್ಲ. ಆಸ್ಪತ್ರೆಯ ಮಂಚದ ಬದಿಯಲ್ಲಿ ಹಣ್ಣಿನ ಚೀಲವಿಟ್ಟು, ‘ಏನು ಮಾಡುವುದಕ್ಕಾಗುತ್ತದೆ, ಯಾವ ಜನ್ಮದ್ದೋ ಅನುಭವಿಸಬೇಕಲ್ಲ’ ಎಂದು ರೋಗಿಗೆ ಕೇಳುವಂತೆ ಹೇಳಿ ಎದ್ದುಬರುವ ಬಂಧುಗಳು ಪ್ರತಿ ಊರಿನಲ್ಲಿದ್ದಾರೆ. ಅದನ್ನು ಅವರು ಧರ್ಮದ ಮಾತೆಂದೇ ತಿಳಿದಿದ್ದಾರೆ. ಕರ್ಮಸಿದ್ಧಾಂತವನ್ನು ರೋಗಿಯು ತನಗೆ ತಾನು ಹೇಳಿಕೊಂಡರೆ ಅದು ಸಮತೆಗೆ ಸಾಧನ. ಬಾಂಧವರು ಅವನಿಗೆ ಹೇಳಿದರೆ ಅದು ಆರೋಪಪತ್ರ. ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ಓದಿದವರಿಗೆ ಈ ವ್ಯತ್ಯಾಸ ಗೊತ್ತು: ಮುನಿಯಾದ ಮೇಲೆ ಮೈತುಂಬ ರೋಗ ತಾಳಿದ ಅವನು ಅದನ್ನು ಕರ್ಮವೆಂದು ತಾನೇ ಕಂಡುಕೊಂಡನು, ವೈದ್ಯನ ವೇಷದಲ್ಲಿ ಬಂದ ದೇವನು ಹಾಗೆಂದು ಅವನನ್ನು ಹಂಗಿಸಲಿಲ್ಲ. ಭಸ್ಮಕವ್ಯಾಧಿಯಿಂದ ಬೆಂದ ಸಮಂತಭದ್ರ ಸ್ವಾಮಿಗಳನ್ನು ಪಾಪಿಯೆಂದು ಕರೆಯುವ ಧೈರ್ಯ ಯಾರಿಗಿದೆ? ಆ ಸಮಂತಭದ್ರರೇ ತಮ್ಮ ರತ್ನಕರಂಡಕದಲ್ಲಿ ನಿರ್ವಿಚಿಕಿತ್ಸಾ ಅಂಗಕ್ಕೆ ಉದ್ದಾಯನ ರಾಜನ ಹೆಸರನ್ನು ಕೊಟ್ಟರು. ರೋಗಗ್ರಸ್ತ ಮುನಿಯ ವಾಂತಿಯನ್ನು ಕೈಯಾರೆ ತೊಳೆದ ರಾಜನು ಮೊದಲು ಕಾರಣವನ್ನು ವಿಚಾರಿಸಲಿಲ್ಲ.

ಸೇದಿದವನ ಕಡೆಗೆ ಬೆರಳು ತೋರಿಸುವಾಗ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ನಿಪ್ಪಾಣಿಯ ಸುತ್ತಿನ ನೆಲ ಬೀಡಿ ತಂಬಾಕಿಗೆ ಹೆಸರಾದುದು. ಆ ಸೀಮೆಯಲ್ಲಿ ಜೈನರ ಮನೆಗಳೂ ಬಸದಿಗಳೂ ಇವೆ. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದು. ಕೃತ-ಕಾರಿತ-ಅನುಮೋದಿತಗಳ ಸರಪಳಿ ಸೇದುವವನ ತುಟಿಯಲ್ಲಿ ಆರಂಭವಾಗುವುದಿಲ್ಲ. ಬಸದಿಯ ಜೀರ್ಣೋದ್ಧಾರಕ್ಕೆ ಬರುವ ಹಣದ ಮೂಲವನ್ನು ಪ್ರಶ್ನಿಸದ ಟ್ರಸ್ಟಿನ ಸಭೆ ರೋಗಿಯ ಚಟವನ್ನು ಮಾತ್ರ ಪ್ರಶ್ನಿಸುವುದು ಅಷ್ಟೇನೂ ಶೋಭಿಸದು.

ಲಿಂಬಾನ ಪಕ್ಷದವರ ನಡತೆಯನ್ನೂ ಅದೇ ಸೂತ್ರದ ಮುಂದಿಡಬೇಕು. ರೋಗದ ಸುದ್ದಿಯ ಮರುದಿನ, ಫೆಬ್ರವರಿ 4ರ ರಾತ್ರಿ, ಅಧ್ಯಕ್ಷ ಟ್ರಂಪ್ ಅಮೆರಿಕದ ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಭಾಷಣ ಮಾಡುತ್ತ ಆ ದೇಶದ ಅತ್ಯುನ್ನತ ನಾಗರಿಕ ಗೌರವವಾದ ಸ್ವಾತಂತ್ರ್ಯ ಪದಕವನ್ನು ಲಿಂಬಾನಿಗೆ ಘೋಷಿಸಿದನು. ಅಧ್ಯಕ್ಷನ ಪತ್ನಿ ಅಲ್ಲಿಯೇ ಅದನ್ನು ಅವನ ಕೊರಳಿಗೆ ತೊಡಿಸಿದಳು. ಒಂದು ಪಕ್ಷ ಎದ್ದು ಕರತಾಡನ ಮಾಡಿತು, ಇನ್ನೊಂದರ ಬಹುಮಂದಿ ಕುಳಿತೇ ಇದ್ದರು. ಪ್ರಮೋದವು ಗುಣಾಧಿಕರಿಗೆ ಸಲ್ಲುವುದು, ಕಾರುಣ್ಯವು ನರಳುವವರಿಗೆ. ರೋಗವು ಗುಣವಲ್ಲ. ಪದಕಕ್ಕೆ ಅವನು ಅರ್ಹನಾಗಿದ್ದರೆ ಆರೋಗ್ಯವಂತನಾಗಿದ್ದಾಗಲೂ ಅರ್ಹನೇ. ರೋಗದ ಹೆಸರೆತ್ತಿ ಅದನ್ನು ಕೊಟ್ಟಾಗ ಕರುಣೆ ಹೊಗಳಿಕೆಯಾಗಿ ವೇಷ ಬದಲಿಸಿತು, ಹೊಗಳಿಕೆ ಪಕ್ಷದ ಬಾವುಟವಾಯಿತು. ಕುಳಿತೇ ಇದ್ದವರು ಪ್ರಮೋದವನ್ನು ತಡೆಹಿಡಿದರು, ಅದು ತಪ್ಪಲ್ಲ. ಮನದಲ್ಲಿ ಕರುಣೆಯನ್ನೂ ತಡೆಹಿಡಿದಿದ್ದರೆ ಅದು ಬೇರೆ ಮಾತು.

ಏಡ್ಸಿನಿಂದ ಮಗನನ್ನು ಕಳೆದುಕೊಂಡು, ಆ ಸಾವು ಬಾನುಲಿಯಲ್ಲಿ ನಗೆಯಾದುದನ್ನು ಕೇಳಿದ ತಾಯಿಗೆ ಈ ಸೂತ್ರವನ್ನು ಯಾರು ಯಾವ ಮುಖದಿಂದ ಹೇಳುವುದು? ಅವಳ ಕಣ್ಣು ಒದ್ದೆಯಾಗದಿದ್ದರೆ ಅದನ್ನು ದೋಷವೆಂದು ಎಣಿಸುವ ಹಕ್ಕು ನೋವನ್ನೇ ಕಾಣದವರಿಗಿಲ್ಲ. ಮಾಧ್ಯಸ್ಥ್ಯದ ಹಿರಿಮೆ ಇರುವುದು ಇಲ್ಲಿಯೇ. ಬಾರದ ಕಣ್ಣೀರನ್ನು ಅದು ಬಲವಂತವಾಗಿ ತರಿಸುವುದಿಲ್ಲ. ನಡೆದುದನ್ನು ಮರೆ ಎಂದೂ ಅದು ಹೇಳುವುದಿಲ್ಲ. ಲಿಂಬಾ ಏನೇನು ಆಡಿದ್ದನೆಂಬುದನ್ನು ಇಸವಿ ಸಹಿತ ದಾಖಲಿಸಿದ ಪತ್ರಿಕೆಗಳನ್ನು ಅಂದು ಕೆಲವರು ನಿರ್ದಯವೆಂದರು; ಅದು ನಿರ್ದಯವಲ್ಲ, ಸತ್ಯವ್ರತ. ಅದೇ ದಾಖಲೆಯನ್ನು ಹಿಡಿದು ಕುಣಿದುದು ಮಾತ್ರ ಬೇರೆ ಕೆಲಸ. ಹಿಂದೆ ನೊಂದವರ ಹೆಸರಿನಲ್ಲಿ ಕುಣಿದವರಲ್ಲಿ ಬಹುಮಂದಿ ನೊಂದವರೇ ಆಗಿರಲಿಲ್ಲ ಎಂಬುದೂ ಗಮನಾರ್ಹ.

ಅವಿನೇಯ ಎಂಬುದು ಯಾರ ಹಣೆಗೂ ಹೊಡೆದ ಶಾಶ್ವತ ಮುದ್ರೆಯೂ ಅಲ್ಲ. ಪಾರ್ಶ್ವನಾಥ ಸ್ವಾಮಿಗೆ ಭವಭವಾಂತರಗಳಲ್ಲಿ ಉಪಸರ್ಗ ಮಾಡಿದ ಕಮಠನ ಜೀವವೂ ಕೊನೆಗೆ ಅದೇ ಸ್ವಾಮಿಯ ಸಾನ್ನಿಧ್ಯದಲ್ಲಿ ಸಮ್ಯಕ್ತ್ವವನ್ನು ಪಡೆಯಿತೆಂದು ಪುರಾಣ ಹೇಳುತ್ತದೆ. ಲಿಂಬಾನ ಬದುಕಿನಲ್ಲೂ ಹೊಂದಿಕೆಯಾಗದ ಸಂಗತಿಗಳಿವೆ. ಏಡ್ಸ್ ರೋಗಿಗಳನ್ನು ಕುರಿತ ಆ ಪ್ರಸಂಗವನ್ನು ಅವನು ಕೆಲಕಾಲದಲ್ಲೇ ನಿಲ್ಲಿಸಿ, ಅದಕ್ಕಾಗಿ ಬಹಿರಂಗವಾಗಿ ವಿಷಾದಿಸಿದ್ದನು. ರಕ್ತದ ಕ್ಯಾನ್ಸರಿನಿಂದ ನರಳುವವರಿಗಾಗಿ ಹಲವು ವರ್ಷ ತನ್ನ ಕಾರ್ಯಕ್ರಮದಲ್ಲೇ ನಿಧಿ ಸಂಗ್ರಹಿಸಿ, ತಾನೂ ಕೊಟ್ಟಿದ್ದನು. ಹಿಗ್ಗಿದವರಿಗೆ ಇವು ಬೇಕಾಗಿರಲಿಲ್ಲ. ಕೊಂಡಾಡಿದವರಿಗೆ ಮೊದಲನೆಯದನ್ನು ನೆನೆಯುವುದು ಮುಜುಗರವಾಗಿತ್ತು.

2020ರ ಅಕ್ಟೋಬರಿನಲ್ಲಿ ಅವನು ರೋಗ ಹಿಮ್ಮೆಟ್ಟುತ್ತಿಲ್ಲವೆಂದು ಕೇಳುಗರಿಗೆ ತಿಳಿಸಿದನು. ಶಕ್ತಿಯಿದ್ದ ದಿನ ಬಂದು ಮಾತಾಡುತ್ತಿದ್ದನು, ಇಲ್ಲದ ದಿನ ಬೇರೆಯವರು ಆ ಆಸನದಲ್ಲಿ ಕೂರುತ್ತಿದ್ದರು. 2021ರ ಫೆಬ್ರವರಿ 17ರಂದು, ತನ್ನ 70ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಆ ಸುದ್ದಿಯನ್ನು ಅವನದೇ ಕಾರ್ಯಕ್ರಮದ ಸಮಯಕ್ಕೆ, ಅವನದೇ ಕೇಳುಗರಿಗೆ, ಅವನ ಹೆಂಡತಿ ಓದಿ ಹೇಳಿದಳು. ಹಿಂದಿನ ವರ್ಷ ಕೇಳಿಬಂದ ನಗೆ ಅಂದೂ ಮತ್ತೊಮ್ಮೆ ಕೇಳಿಬಂತು.